ಆಟಿಕೆ ಇಟ್ಟಿಗೆಯಲ್ಲಿ ನಮ್ಮ ಸೀಮೆಯ ಅದಿರಿನ ಗಾಡಿ: ಮಾದರಿ ನೋಡಿ, ಕೊರತೆ ತಿಳಿಸಿ

ಕಂಬಿಹಾದಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ರಣಜಿತ್‌ಪುರದ ಕಡೆಯಿಂದ ಅದಿರು ಹೊತ್ತು ತೋರಣಗಲ್ಲಿಗೆ ಬರುವ ಗೂಡ್ಸ್ ಗಾಡಿ, ಅದು ನಿಲ್ಲದೆ ದಾಟಿ ಹೋಗುವ ಒಂದು ಸಣ್ಣ ನಿಲ್ದಾಣ, ನಿಲ್ದಾಣದ ಹಿಂದೆ ಊರಿನ ನಾಲ್ಕಾರು ಮನೆ, ಅದಕ್ಕೂ ಆಚೆ ಬಳ್ಳಾರಿ ಗುಡ್ಡದಂಥ ಒಂದು ಬೋಳುಗಲ್ಲಿನ ಗುಡ್ಡ, ಇಷ್ಟನ್ನು ಲೆಗೊ ಇಟ್ಟಿಗೆಯಲ್ಲಿ ಕಟ್ಟಿ ಒಂದು ಹಂತಕ್ಕೆ ತಂದಿದ್ದೇನೆ. ಚಿತ್ರಗಳನ್ನು ಹಾಕಿದ್ದೇನೆ. ಹೊಗಳಿಕೆಗಿಂತ ಕೊರತೆಗಳನ್ನು ತೋರಿಸಿಕೊಟ್ಟರೆ ಹೆಚ್ಚು ಉಪಕಾರವಾಗುತ್ತದೆ, ಏಕೆಂದರೆ ಹೊಸ ಬಿಡಿಭಾಗಗಳಿಗೆ ಹಣ ಹಾಕುವ ಮುನ್ನ ಅಳತೆ ಗಟ್ಟಿಯಾಗಬೇಕು.

ಮೊದಲು ಅಳತೆಯನ್ನೇ ಹೇಳುತ್ತೇನೆ. ಲೆಗೊ ಹಳಿಗಳ ನಡುವಿನ ಅಂತರ ಸುಮಾರು 37.5 ಮಿ.ಮೀ.; ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಹಳಿಯನ್ನೇ ಆಧಾರವಾಗಿ ಹಿಡಿದರೆ ಮಾದರಿಯು 1:45 ಪ್ರಮಾಣದ್ದಾಗುತ್ತದೆ, ಆಗ ಮೂರೂಕಾಲು ಮೀಟರ್ ಅಗಲದ ಪ್ರಯಾಣಿಕರ ಡಬ್ಬಿಗೆ 9 ಸ್ಟಡ್ (ಇಟ್ಟಿಗೆಯ ಮೇಲಿನ ದುಂಡು ಉಬ್ಬು) ಅಗಲ ಬೇಕಾಗುತ್ತದೆ. ಬೆಸ ಸಂಖ್ಯೆಯ ಅಗಲವನ್ನು 8 ಸ್ಟಡ್ ಅಗಲದ ಹಳಿಯ ಮೇಲೆ ಸರಿಯಾಗಿ ನಡುವಿಗೆ ಕೂರಿಸುವುದು ತೊಡಕಿನ ಕೆಲಸ. ಆದುದರಿಂದ 8 ಸ್ಟಡ್, ಅಂದರೆ 64 ಮಿ.ಮೀ. ಅಗಲವನ್ನು ಗೊತ್ತು ಮಾಡಿಕೊಂಡು ಎಲ್ಲವನ್ನೂ 1:50ಕ್ಕೆ ಇಳಿಸಿದ್ದೇನೆ. ಹಳಿ ತುಸು ಅಗಲವಾಗಿ ಕಾಣುತ್ತದೆ ಎನ್ನುವುದು ನಿಜ, ಅಷ್ಟನ್ನು ಒಪ್ಪಿಕೊಂಡೇ ಮುಂದುವರಿದಿದ್ದೇನೆ.

ಪ್ರಯಾಣಿಕರ ಗಾಡಿಯನ್ನು ಬಿಟ್ಟು ಗೂಡ್ಸ್ ಗಾಡಿಯನ್ನು ಆರಿಸಿಕೊಂಡದ್ದಕ್ಕೆ ತಿರುವು ಕಾರಣ. ಲೆಗೊದ ಸಾಮಾನ್ಯ ತಿರುವಿನ ತ್ರಿಜ್ಯ 40 ಸ್ಟಡ್, ಅಂದರೆ 320 ಮಿ.ಮೀ.; ಹದಿನಾರು ತುಂಡು ಸೇರಿದರೆ ಒಂದು ಸುತ್ತು. ನಾವು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಹುಕಾಲ ನೋಡಿದ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಡಬ್ಬಿಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ಚೌಕಟ್ಟುಗಳ ನಡುವೆ 14.8 ಮೀಟರಿನಷ್ಟು ದೂರವಿದೆ. 1:50ರಲ್ಲಿ ಅದು 296 ಮಿ.ಮೀ. ಈ ಡಬ್ಬಿಯನ್ನು ಆ ತಿರುವಿನ ಮೇಲೆ ಓಡಿಸಿದರೆ ಅದರ ನಡುಭಾಗ ಹಳಿಯ ಮಧ್ಯರೇಖೆಯಿಂದ 36 ಮಿ.ಮೀ. ಒಳಕ್ಕೆ ವಾಲುತ್ತದೆ, ಹತ್ತಿರದಲ್ಲಿ ಸಿಗ್ನಲ್ ಕಂಬವಿದ್ದರೆ ಬಡಿಯುತ್ತದೆ. ಡಬ್ಬಿಯನ್ನು ಮೊಟಕು ಮಾಡುವವರು ಇದ್ದಾರೆ, ಆದರೆ ಐಸಿಎಫ್ ಡಬ್ಬಿಯ ಅಂದವೆಲ್ಲ ಅದರ ಉದ್ದದಲ್ಲಿದೆ. ಬಾಕ್ಸ್-ಎನ್ ಎಂಬ, ಮೇಲೆ ತೆರೆದ ಸರಕು ವ್ಯಾಗನ್ನಿಗೆ ಈ ತೊಂದರೆಯಿಲ್ಲ. ಅದರ ಅಗಲ 3.2 ಮೀಟರ್, ಚೌಕಟ್ಟುಗಳ ನಡುವಿನ ದೂರ ಸುಮಾರು ಆರೂವರೆ ಮೀಟರ್. ಅದೇ ತಿರುವಿನಲ್ಲಿ ವಾಲುವುದು 7 ಮಿ.ಮೀ. ಒಳಗೆ. 8 ಸ್ಟಡ್ ಅಗಲ, 24 ಸ್ಟಡ್ ಉದ್ದ, 4 ಇಟ್ಟಿಗೆ ಎತ್ತರ ಎಂದರೆ ವ್ಯಾಗನ್ನಿನ ಒಡಲು ಹೆಚ್ಚು ಕಡಿಮೆ ಯಥಾವತ್ತಾಗಿ ಕೂರುತ್ತದೆ.

ವ್ಯಾಗನ್ನಿನ ತುಂಬ ಕೆಂಗಂದು ಬಣ್ಣದ 1×1 ದುಂಡು ಪ್ಲೇಟುಗಳನ್ನು (ಇಟ್ಟಿಗೆಯ ಮೂರನೇ ಒಂದು ಭಾಗ ದಪ್ಪದ ಬಿಡಿಗಳು) ಸುರಿದಿದ್ದೇನೆ. ಎಂಜಿನ್ ಹುಬ್ಬಳ್ಳಿ ಷೆಡ್ಡಿನ ಡಬ್ಲ್ಯೂಡಿಜಿ-4 ಎಂಬ ಡೀಸೆಲ್ ಗೂಡ್ಸ್ ಎಂಜಿನ್ನಿನ ಮಾದರಿ. ದಯವಿಟ್ಟು ನೋಡಿ ಹೇಳಿ.

ಬ್ರೇಕ್‌ವ್ಯಾನ್, ಬಳ್ಳಾರಿ

ಗೂಡ್ಸ್ ಗಾಡಿಗಳ ಹಿಂದಿನ ತುದಿಯಲ್ಲಿ ಕುಳಿತು ವೃತ್ತಿಜೀವನ ಕಳೆದವನು ನಾನು, ಈಗ ನಿವೃತ್ತ. ಮೊಮ್ಮಗನ ಇಟ್ಟಿಗೆಗಳಿಂದ ಶುರುವಾದ ಹವ್ಯಾಸ ಈಗ ನನ್ನದೇ ಆಗಿದೆ. ನಿಮ್ಮ ವ್ಯಾಗನ್ನಿನ ಪಕ್ಕದ ಉಬ್ಬುಪಟ್ಟಿಗಳನ್ನು ನೋಡಿ ಬಹಳ ಸಂತೋಷವಾಯಿತು. ಆದರೆ ಅದಿರು ತುಂಬಿರುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು.

ಅದಿರಿನ ಗಾಡಿಯಲ್ಲಿ ಅದಿರು ಅಂಚಿನವರೆಗೆ ತುಂಬಿರುವುದಿಲ್ಲ. ಬಾಕ್ಸ್-ಎನ್ ಹೊರಬಹುದಾದ ಭಾರ 58 ಟನ್ನಿನ ಆಸುಪಾಸು. ಅದರ ಒಳಗಿನ ಜಾಗ ಸುಮಾರು 56 ಘನ ಮೀಟರ್. ಕಬ್ಬಿಣದ ಅದಿರು ಘನ ಮೀಟರಿಗೆ ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ, ಆದುದರಿಂದ ಅರ್ಧ ತುಂಬುವಷ್ಟರಲ್ಲಿ ವ್ಯಾಗನ್ನಿನ ಪಾಲಿನ ಭಾರ ಮುಗಿದುಹೋಗುತ್ತದೆ. ಮೇಲ್ಸೇತುವೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು: ಖಾಲಿ ಗಾಡಿಯೇನೋ ಎನ್ನುವಂತೆ ಕಾಣುತ್ತದೆ, ಬಗ್ಗಿ ನೋಡಿದರೆ ತಳದಲ್ಲಿ ಅದಿರಿನ ತಗ್ಗು ಗುಡ್ಡೆಗಳಿರುತ್ತವೆ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರಕ್ಕೆ ಹೋಗುವ ಕಲ್ಲಿದ್ದಲಿನ ಗಾಡಿಯದು ಬೇರೆ ರೂಪ. ಕಲ್ಲಿದ್ದಲು ಹಗುರ, ಆದ್ದರಿಂದ ಅದು ಅಂಚನ್ನು ಮೀರಿ ಏರಿ ನಿಂತಿರುತ್ತದೆ. ನಿಮ್ಮ ಚಿತ್ರದಲ್ಲಿರುವುದು ಬಣ್ಣದಲ್ಲಿ ಅದಿರಿನ ಗಾಡಿ, ತುಂಬಿರುವ ರೀತಿಯಲ್ಲಿ ಕಲ್ಲಿದ್ದಲಿನ ಗಾಡಿ.

ಇದರಿಂದ ನಿಮಗೆ ಒಂದು ಲಾಭವೂ ಇದೆ. ತಳದಿಂದ ಒಂದೂವರೆ ಇಟ್ಟಿಗೆ ಎತ್ತರಕ್ಕೆ ಒಂದು ಸುಳ್ಳು ತಳ ಕೊಟ್ಟು, ಅದರ ಮೇಲೆ ಗಾಲಿಗಳ ಚೌಕಟ್ಟಿನ ನೇರಕ್ಕೆ ಒಂದೊಂದು ಗುಡ್ಡೆ ಮಾಡಿದರೆ ಸಾಕು. ದುಂಡು ಪ್ಲೇಟುಗಳು ಕಡಿಮೆ ಬೇಕಾಗುತ್ತವೆ, ಗಾಡಿಯ ತೂಕವೂ ಇಳಿಯುತ್ತದೆ. ಈ ರೈಲುಗಳ ಆಯಸ್ಕಾಂತದ ಕೊಂಡಿ ಹೆಚ್ಚು ಎಳೆತವನ್ನು ತಾಳುವುದಿಲ್ಲ ಎಂಬುದು ಎಲ್ಲರ ಅನುಭವ.

ಇನ್ನೊಂದು ವಿಷಯ, ಗಾಡಿಯ ಕೊನೆಯಲ್ಲಿ ಬ್ರೇಕ್ ವ್ಯಾನ್, ಅಂದರೆ ಗಾರ್ಡ್ ಕೂರುವ ಡಬ್ಬಿ, ಕಾಣುತ್ತಿಲ್ಲ.

ಆರುಸ್ಟಡ್, ಸಿಂಧನೂರು

ಮಾದರಿ ಸೊಗಸಾಗಿದೆ. ಆದರೂ 8 ಸ್ಟಡ್ ಅಗಲದ ಆಯ್ಕೆಯನ್ನು ನಾನು ಒಪ್ಪುವುದಿಲ್ಲ. ಲೆಗೊ ಕಂಪನಿ 1966ರಲ್ಲಿ ರೈಲುಗಳನ್ನು ಆರಂಭಿಸಿದಾಗಿನಿಂದ ಅದರ ಹೆಚ್ಚಿನ ಗಾಡಿಗಳು 6 ಸ್ಟಡ್ ಅಗಲದಲ್ಲೇ ಬಂದಿವೆ. ಹಳಿ, ಗಾಲಿ, ತಿರುವು, ಕಿಟಕಿಯ ಬಿಡಿಗಳು ಆ ಅಗಲಕ್ಕೇ ಹೊಂದುತ್ತವೆ. 8 ಸ್ಟಡ್‌ಗೆ ಹೋದರೆ ಅಗಲ, ಉದ್ದ, ಎತ್ತರ ಮೂರೂ ಹಿಗ್ಗುವುದರಿಂದ ಬಿಡಿಭಾಗಗಳ ಲೆಕ್ಕ ದುಪ್ಪಟ್ಟಿಗೂ ಮೀರುತ್ತದೆ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ ಶೇಕಡ 70ಕ್ಕೂ ಏರಿಸಲಾಯಿತು. ವಿದೇಶದ ಅಂಗಡಿಯಿಂದ ಬಿಡಿ ತರಿಸುವವರಿಗೆ ಒಂದೊಂದು ಸ್ಟಡ್ ಅಗಲವೂ ಹಣದ ಮಾತಾಗಿದೆ. ಇದು ಶಾಲೆಗೆ ಹೋಗುವ ಮಕ್ಕಳೂ ಕೈಹಾಕಬಹುದಾದ ಹವ್ಯಾಸವಾಗಿ ಉಳಿಯಬೇಕಾದರೆ 6 ಸ್ಟಡ್ಡೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಂಬಿಹಾದಿ, ಬಳ್ಳಾರಿ

ಬ್ರೇಕ್‌ವ್ಯಾನ್ ಸರ್, ನೀವು ತಿಳಿಸಿದ ವಿವರ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಸುಳ್ಳು ತಳ ಕೊಟ್ಟು ಗುಡ್ಡೆ ಮಾಡುತ್ತೇನೆ.

ಸಿಂಧನೂರಿನವರು ಹೇಳಿದ ವೆಚ್ಚದ ಮಾತು ನ್ಯಾಯವಾದದ್ದು. ಆದರೆ 6 ಸ್ಟಡ್ ಎಂದರೆ ಬಾಕ್ಸ್-ಎನ್ 1:67ಕ್ಕೆ ಇಳಿಯುತ್ತದೆ, ಆಗ ಹಳಿಯ ಅಂತರ ನಿಜದಲ್ಲಿ ಎರಡೂವರೆ ಮೀಟರಿಗೆ ಸಮನಾಗುತ್ತದೆ. ಬ್ರಾಡ್‌ಗೇಜಿನ ಮೇಲೆ ಗಾಡಿ ಎಷ್ಟು ಚಾಚಿಕೊಂಡಿರುತ್ತದೆ ಎಂಬುದರಲ್ಲೇ ಭಾರತೀಯ ರೈಲಿನ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಆ ಚಾಚು ಹೋದರೆ ಗಾಡಿ ಯುರೋಪಿನ ಸಣ್ಣ ಡಬ್ಬಿಯಂತೆ ಕಾಣುತ್ತದೆ. ನಾನು ವ್ಯಾಗನ್ನುಗಳ ಸಂಖ್ಯೆಯನ್ನು ಕಡಿಮೆ ಮಾಡಿಯೇನು, ಅಗಲವನ್ನು ಕಡಿಮೆ ಮಾಡಲಾರೆ.

ಜಂತಿಮನೆ, ಕೊಪ್ಪಳ

ಗಾಡಿಯ ವಿಷಯವನ್ನು ತಿಳಿದವರು ಹೇಳಿದ್ದಾರೆ. ನಾನು ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿರುವವಳು, ಆದ್ದರಿಂದ ಮನೆಗಳ ಬಗ್ಗೆ ಬರೆಯುತ್ತೇನೆ.

ನಿಲ್ದಾಣದ ಕಟ್ಟಡಕ್ಕೆ ಕೆಂಪು ಹೆಂಚಿನ ಇಳಿಜಾರು ಸೂರು ಹಾಕಿದ್ದೀರಿ. ಹಳೆಯ ರೈಲ್ವೆ ಕಟ್ಟಡಗಳಲ್ಲಿ ಮಂಗಳೂರು ಹೆಂಚು ಇರುವುದರಿಂದ ಅದು ಒಪ್ಪುತ್ತದೆ. ಆದರೆ ಹಿಂದಿರುವ ಊರಿನ ಮನೆಗಳಿಗೂ ಅದೇ 45 ಡಿಗ್ರಿ ಇಳಿಜಾರಿನ ಇಟ್ಟಿಗೆಗಳಿಂದ ಸೂರು ಮಾಡಿದ್ದೀರಿ. ಅಷ್ಟು ಕಡಿದಾದ ಸೂರು ಮಲೆನಾಡಿನದು. ಮಳೆ ಕಡಿಮೆಯಿರುವ ನಮ್ಮ ಸೀಮೆಯ ಹಳ್ಳಿಯ ಮನೆ ಮಾಳಿಗೆಯದು: ದಪ್ಪ ಕಲ್ಲಿನ ಗೋಡೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ದಪ್ಪ ಹೊದಿಕೆ, ಸುತ್ತ ಮೊಣಕಾಲೆತ್ತರದ ಗೋಡೆ, ಅಲ್ಲಲ್ಲಿ ಮಳೆನೀರು ಹೊರಬೀಳಲು ಕಲ್ಲಿನ ದೋಣಿ, ನಡುವೆ ಬೆಳಕಿಂಡಿ. ಬೇಸಿಗೆಯಲ್ಲಿ ಜನ ಅಲ್ಲಿಯೇ ಮಲಗುತ್ತಾರೆ, ಮೆಣಸಿನಕಾಯಿ ಅಲ್ಲಿಯೇ ಒಣಗುತ್ತದೆ. ಈ ಸಮತಟ್ಟಾದ ಸೂರನ್ನು ಬಿಟ್ಟರೆ ನಿಲ್ದಾಣದ ಹಿಂದಿನ ಊರು ಯಾವ ಊರೂ ಆಗುವುದಿಲ್ಲ.

ಕಟ್ಟುವ ಬಗೆಯನ್ನೂ ಹೇಳುತ್ತೇನೆ. ಪಕ್ಕದಲ್ಲಿ ನಾಲ್ಕು ಸ್ಟಡ್‌ಗಳಿರುವ 1×4 ಇಟ್ಟಿಗೆಗಳನ್ನು ಪಡಸಾಲೆಯ ಮುಂಭಾಗದಲ್ಲಿ ಸೂರಿನ ಕೆಳಗೆ ಒಂದು ಸಾಲು ಜೋಡಿಸಿ. ಒಂದೊಂದು ಪಕ್ಕದ ಸ್ಟಡ್‌ಗೂ ಕಂದು ಬಣ್ಣದ 1×1 ದುಂಡು ಪ್ಲೇಟ್ ಒತ್ತಿದರೆ ಹೊರಚಾಚಿದ ಜಂತಿಯ ತುದಿಗಳು ಮೂಡುತ್ತವೆ. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ.; ನಿಮ್ಮ ಪ್ರಮಾಣದಲ್ಲಿ ಅದು 40 ಸೆಂ.ಮೀ., ಜಂತಿ ಹಾಕುವ ಅಂತರಕ್ಕೆ ಹತ್ತಿರ ಹತ್ತಿರ. ಅದರ ಮೇಲೆ ಟ್ಯಾನ್ (ತಿಳಿಗಂದು) ಬಣ್ಣದ ಎರಡು ಪ್ಲೇಟ್ ದಪ್ಪದ ಮಣ್ಣಿನ ಹೊದಿಕೆ. ಇಲ್ಲಿ ಸ್ಟಡ್‌ಗಳನ್ನು ಸ್ಟಡ್ ಇಲ್ಲದ ನುಣುಪಾದ ಟೈಲ್‌ಗಳಿಂದ ಮುಚ್ಚಬೇಕು, ಆದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬಾರದು. ಮಣ್ಣಿನ ಮಾಳಿಗೆ ನೀರು ಹರಿಯಲೆಂದು ದೋಣಿಯ ಕಡೆಗೆ ತುಸು ಇಳಿದಿರುತ್ತದೆ, ಆ ಇಳುಕಲು ಒಂದು ಪ್ಲೇಟಿನಷ್ಟಾದರೂ ಕಾಣಲಿ. ಗೋಡೆಗೆ ಬಿಳಿ ಸುಣ್ಣ, ತಳದಲ್ಲಿ ಕೆಮ್ಮಣ್ಣಿನ ಪಟ್ಟಿ, ಬಾಗಿಲ ಪಕ್ಕದಲ್ಲಿ ಕೂರಲು ಕಟ್ಟೆ.

ಬಾಗಿಲ ವಿಷಯದಲ್ಲಿ ನಿಮ್ಮ ಅಳತೆ ಗಾಡಿಯ ಅಳತೆಗೆ ಹೊಂದಿಲ್ಲ. ನೀವು ಬಳಸಿರುವ ಸಿದ್ಧ ಬಾಗಿಲಿನ ಎತ್ತರ 6 ಇಟ್ಟಿಗೆ, ಅಂದರೆ 57.6 ಮಿ.ಮೀ. 1:50ರಲ್ಲಿ ಅದು ಒಂಬತ್ತೂವರೆ ಅಡಿಯ ಬಾಗಿಲಾಗುತ್ತದೆ. ಮಾಳಿಗೆಮನೆಯೊಳಕ್ಕೆ ತಲೆ ಬಗ್ಗಿಸಿ ಹೋಗುವುದೇ ವಾಡಿಕೆ. ಆರಡಿ ಬಾಗಿಲು ಎಂದರೆ 36 ಮಿ.ಮೀ.; ಅದನ್ನು ಟೈಲ್‌ಗಳನ್ನು ನಿಲ್ಲಿಸಿಯೇ ಕಟ್ಟಿಕೊಳ್ಳಬೇಕಾಗುತ್ತದೆ. ಐದು ಪ್ಲೇಟ್ ದಪ್ಪ ಎರಡು ಸ್ಟಡ್ ಅಗಲಕ್ಕೆ ಸರಿಯಾಗಿ 16 ಮಿ.ಮೀ. ಆಗುವುದರಿಂದ ಪಕ್ಕಕ್ಕೆ ತಿರುಗಿಸಿ ಕಟ್ಟಿದ ಭಾಗವನ್ನು ಗೋಡೆಯೊಳಗೆ ಸೇರಿಸುವುದು ಕಷ್ಟವಲ್ಲ. ಗೊಂಬೆಯ ಎತ್ತರ ಸುಮಾರು 40 ಮಿ.ಮೀ. ಇರುವುದರಿಂದ ಅದು ಈ ಬಾಗಿಲಲ್ಲಿ ಹಿಡಿಸುವುದಿಲ್ಲ. ಗೊಂಬೆಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, ಕಟ್ಟೆಯ ಮೇಲೆ ಕೂರಿಸಿ, ಬಾಗಿಲ ಹತ್ತಿರ ತರಬೇಡಿ.

ಪ್ಲಾಟ್‌ಫಾರ್ಮಿನ ಎತ್ತರ ಹಳಿಯ ತಲೆಯಿಂದ 5 ಪ್ಲೇಟ್ ಇಟ್ಟಿರುವುದು ಸರಿಯಾಗಿದೆ.

ಕೋಟೆಗೋಡೆ, ರಾಯಚೂರು

ಕೊಪ್ಪಳದ ಅಕ್ಕಾವ್ರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ನಾನು ಗುಡ್ಡದ ಬಗ್ಗೆ ಹೇಳುತ್ತೇನೆ, ಏಕೆಂದರೆ ಇಡೀ ಮಾದರಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗ ಅದೇ.

ಇಳಿಜಾರಿನ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಗುಡ್ಡ ಮೊನಚು ಮೊನಚಾಗಿ ಆಲ್ಪ್ಸ್ ಪರ್ವತದ ಬಂಡೆಯಂತೆ ಬಂದಿದೆ. ನಮ್ಮ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿರುಕುಗಳ ಗುಂಟ ನೀರಿಳಿದು, ಮೂಲೆಗಳು ಮೊದಲು ಸವೆದು, ಪದರು ಪದರಾಗಿ ಸಿಪ್ಪೆ ಎದ್ದು ದುಂಡಗಾಗಿರುವ ಕಲ್ಲು ಅದು. ಬಳ್ಳಾರಿ ಗುಡ್ಡವನ್ನಾಗಲಿ, ಆನೆಗುಂದಿಯ ಬಂಡೆಗಳನ್ನಾಗಲಿ ನೋಡಿ: ಮೊನಚು ಎಲ್ಲಿಯೂ ಇಲ್ಲ. ಆದ್ದರಿಂದ ಇಲ್ಲಿ ಬಾಗಿದ ಮೇಲ್ಮೈಯ ಬಿಡಿಗಳೇ ಬೇಕು. ಬ್ರೂಸ್ ಲೋವೆಲ್ ಎಂಬ ಹವ್ಯಾಸಿ 2002ರಲ್ಲಿ ರೂಪಿಸಿದ ಗೋಳದ ವಿಧಾನ ಇದಕ್ಕೆ ಚೆನ್ನಾಗಿ ಒದಗುತ್ತದೆ. ಆರೂ ದಿಕ್ಕಿಗೆ ಸ್ಟಡ್ ಇರುವ ಒಂದು ತಿರುಳನ್ನು ಕಟ್ಟಿಕೊಂಡು ಆರೂ ಮುಖಗಳಿಗೆ ಪ್ಲೇಟುಗಳನ್ನು ಮೆಟ್ಟಿಲಾಗಿ ಹಾಕಿದರೆ 6.8 ಸ್ಟಡ್ ವ್ಯಾಸದ ಗುಂಡು ಸಿಗುತ್ತದೆ. ನಿಮ್ಮ ಪ್ರಮಾಣದಲ್ಲಿ ಅದು ಒಂಬತ್ತಡಿಯ ಬಂಡೆ. ಪೂರ್ತಿ ಗೋಳ ಮಾಡದೆ ಮೂರ್ನಾಲ್ಕು ಮುಖಗಳನ್ನಷ್ಟೇ ಮಾಡಿ, ಮೆಟ್ಟಿಲುಗಳ ಮೇಲೆ ಬಾಗಿದ ಬಿಡಿಗಳನ್ನು ಹೊದಿಸಿ, ಒಂದನ್ನೊಂದು ಆತು ನಿಲ್ಲುವಂತೆ ಓರೆಯಾಗಿ ಕೂರಿಸಿ.

ಬಣ್ಣಕ್ಕೆ ಬರಿಯ ಬೂದು ಸಾಲದು. ಡಾರ್ಕ್ ಟ್ಯಾನ್ ಹೆಚ್ಚಿರಲಿ, ಅದರೊಳಗೆ ಬೂದು ಬೆರೆಯಲಿ, ಮಳೆನೀರು ಇಳಿದು ಕಪ್ಪಾದ ಉದ್ದ ಗೆರೆಗಳು ಮೇಲಿನಿಂದ ಕೆಳಗೆ ಬರಲಿ.

ಗುಡ್ಡದ ಮೇಲೆ ಕೋಟೆಯ ಗೋಡೆಯನ್ನೂ ತೋರಿಸಿದ್ದೀರಿ. ಅದಕ್ಕೆ ರೈಲಿನ ಪ್ರಮಾಣವನ್ನೇ ಇಡಬೇಕಾಗಿಲ್ಲ. ದೂರದಲ್ಲಿರುವುದನ್ನು ಚಿಕ್ಕದಾಗಿ ಕಟ್ಟಿದರೆ ಕಣ್ಣು ತಾನೇ ದೂರವನ್ನು ಊಹಿಸಿಕೊಳ್ಳುತ್ತದೆ. ನಾನು ನಮ್ಮ ರಾಯಚೂರು ಕೋಟೆಯ ಗೋಡೆಯ ಒಂದು ತುಂಡನ್ನು 1:100ರಲ್ಲಿ ಕಟ್ಟಿದ್ದೇನೆ. ಆ ಕೋಟೆಯಲ್ಲಿ 1294ರ ಶಾಸನವಿರುವ ಕಲ್ಲು ಒಂದಿದೆ, ಅದರ ಉದ್ದ ಸುಮಾರು 41 ಅಡಿ, ಒಂದೇ ಕಲ್ಲು. 1:100ರಲ್ಲಿ ಅದು 125 ಮಿ.ಮೀ. ಆಗುತ್ತದೆ, 1×16 ಇಟ್ಟಿಗೆಯ ಉದ್ದ 128 ಮಿ.ಮೀ. ಹೀಗಾಗಿ ಒಂದೇ ಕಲ್ಲನ್ನು ಒಂದೇ ಇಟ್ಟಿಗೆಯಿಂದ, ಎಲ್ಲಿಯೂ ಸಂದು ಕಾಣದಂತೆ ತೋರಿಸಲು ಸಾಧ್ಯವಾಯಿತು. 1:50ಕ್ಕೆ ಹೋಗಿದ್ದರೆ ಎರಡು ಇಟ್ಟಿಗೆ ಬೇಕಾಗುತ್ತಿತ್ತು, ನಡುವಿನ ಸಂದು ಆ ಕಲ್ಲಿನ ಹಿರಿಮೆಯನ್ನೇ ಕಳೆಯುತ್ತಿತ್ತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ಆ ಗೋಡೆಯನ್ನು ಅಂಟಿಲ್ಲದ ಇಟ್ಟಿಗೆಯಲ್ಲಿ ಕಟ್ಟುವಾಗ ಆದ ಆನಂದವನ್ನು ನಾನು ಬೇರೆ ಯಾವ ಮಾದರಿಯಲ್ಲಿಯೂ ಪಡೆದಿಲ್ಲ.

ಗಾಲಿಅಚ್ಚು, ಗಂಗಾವತಿ

ಎಂಜಿನ್ನಿನ ಬಗ್ಗೆ ಯಾರೂ ಹೇಳದಿರುವುದರಿಂದ ನಾನು ಸೇರಿಸುತ್ತೇನೆ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಡಬ್ಲ್ಯೂಡಿಜಿ-4ರಲ್ಲಿ ಆರು ಅಚ್ಚುಗಳು, ಚೌಕಟ್ಟಿಗೆ ಮೂರರಂತೆ. ನಿಮ್ಮ ಚೌಕಟ್ಟಿನ ಮೊದಲ ಮತ್ತು ಕೊನೆಯ ಅಚ್ಚುಗಳ ನಡುವೆ 9 ಸ್ಟಡ್, ಅಂದರೆ 72 ಮಿ.ಮೀ. ಇರುವಂತೆ ಕಾಣುತ್ತದೆ. 320 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ನಡುವಿನ ಅಚ್ಚು 2 ಮಿ.ಮೀ. ಪಕ್ಕಕ್ಕೆ ಸರಿಯಬೇಕು. ಮೂರನ್ನೂ ಬಿಗಿಯಾಗಿ ಕೂರಿಸಿದರೆ ಗಾಲಿಯ ಅಂಚು ಹಳಿಯನ್ನು ಉಜ್ಜುತ್ತದೆ, ಎಂಜಿನ್ ಏದುಸಿರು ಬಿಟ್ಟಂತೆ ನಿಧಾನವಾಗುತ್ತದೆ. ನಡುವಿನ ಅಚ್ಚಿಗೆ ಅಂಚಿಲ್ಲದ ಗಾಲಿ ಹಾಕುವುದು ಒಂದು ದಾರಿ. ಅಚ್ಚು ಅತ್ತಿತ್ತ ಜಾರುವಂತೆ ಎರಡೂ ಕಡೆ ಸಡಿಲ ಬಿಡುವುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಇಷ್ಟ, ಏಕೆಂದರೆ ಹತ್ತಿರದಿಂದ ನೋಡಿದಾಗ ಮೂರೂ ಗಾಲಿಗಳು ಒಂದೇ ರೀತಿ ಕಾಣುತ್ತವೆ.

ಎಳೆಯುವ ಮೋಟಾರು ಯಾವುದು ಎಂದು ತಿಳಿಸಿಲ್ಲ. 2018ರಿಂದ ಬಂದಿರುವ ಪವರ್ಡ್ ಅಪ್ ವ್ಯವಸ್ಥೆಯದಾದರೆ ಅದರ ಬ್ಯಾಟರಿ ಪೆಟ್ಟಿಗೆಯಲ್ಲಿ ಎರಡು ಕಿಂಡಿಗಳಿವೆ, ಎರಡು ಚೌಕಟ್ಟಿಗೂ ಒಂದೊಂದು ಮೋಟಾರು ಕೊಡಬಹುದು. ಆರು ಟ್ರಿಪಲ್-ಎ ಸೆಲ್ಲುಗಳ ತೂಕ ಎಂಜಿನ್ನಿನ ಮೇಲೆ ಬೀಳುವುದು ಒಳ್ಳೆಯದೇ, ಗಾಲಿ ಜಾರುವುದು ಕಡಿಮೆಯಾಗುತ್ತದೆ. ಬಳ್ಳಾರಿಯ ಕೆಂಪು ಧೂಳು ಮತ್ತು ಕೂದಲು ಅಚ್ಚಿನ ಸುತ್ತ ಸೇರಿಕೊಳ್ಳುವುದನ್ನು ಮಾತ್ರ ಆಗಾಗ ತೆಗೆಯುತ್ತಿರಬೇಕು.

ಆರುಸ್ಟಡ್, ಸಿಂಧನೂರು

ಗುಡ್ಡಕ್ಕೆ ಇಷ್ಟೊಂದು ಬಿಡಿಗಳು ಬೇಕಾದರೆ ಹೊರಗೆ ಕಾಣದ ಒಳಭಾಗಕ್ಕೆ ಬೇರೆ ಕಂಪನಿಗಳ ಹೊಂದುವ ಇಟ್ಟಿಗೆಗಳನ್ನು ತುಂಬಿದರೆ ಏನೂ ಅಡ್ಡಿಯಿಲ್ಲ. ಲೆಗೊ ಇಟ್ಟಿಗೆಯ 1958ರ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಬಣ್ಣದಲ್ಲಿ ಮತ್ತು ಹಿಡಿತದಲ್ಲಿ ಸ್ವಲ್ಪ ವ್ಯತ್ಯಾಸವಿರುವುದರಿಂದ ಹೊರಮೈಯಲ್ಲಿ ಬೆರೆಸುವುದು ಬೇಡ, ಗಾಡಿಯ ಕೆಳಚೌಕಟ್ಟಿನಲ್ಲಿಯಂತೂ ಬೇಡ. ಮಾದರಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ ಎಂದೂ ಹೇಳುತ್ತೇನೆ. ನಮ್ಮ ಬೇಸಿಗೆಯ ಬಿಸಿಲಿಗೆ ಬಿಳಿ ಇಟ್ಟಿಗೆ ಹಳದಿಗೆ ತಿರುಗುತ್ತದೆ, ಮಾಳಿಗೆಮನೆಯ ಸುಣ್ಣದ ಗೋಡೆ ಮೊದಲು ಕೆಡುತ್ತದೆ.

ಕಂಬಿಹಾದಿ, ಬಳ್ಳಾರಿ

ಪ್ರತಿಯೊಂದು ಮಾತನ್ನೂ ಬರೆದಿಟ್ಟುಕೊಂಡಿದ್ದೇನೆ. ಊರಿನ ಮನೆಗಳನ್ನು ಬಿಚ್ಚಿ ಮಾಳಿಗೆಯವನ್ನಾಗಿ ಕಟ್ಟುತ್ತೇನೆ, ಬಾಗಿಲುಗಳನ್ನು ತಗ್ಗಿಸುತ್ತೇನೆ. ಸೂರಿನಿಂದ ಬಿಡುವಾಗುವ ಕೆಂಪು ಇಳಿಜಾರು ಇಟ್ಟಿಗೆಗಳು ನಿಲ್ದಾಣದ ಪಕ್ಕದ ರೈಲ್ವೆ ವಸತಿಗೆ ಒದಗುತ್ತವೆ. ಗುಡ್ಡಕ್ಕೆ ಒಳಭಾಗದಲ್ಲಿ ಬೇರೆ ಇಟ್ಟಿಗೆ ಬಳಸುವ ಸಲಹೆಯನ್ನು ಸಂತೋಷದಿಂದ ಒಪ್ಪುತ್ತೇನೆ. ಕೋಟೆಯ ವಿಷಯದಲ್ಲಿ ಮಾತ್ರ ರಾಯಚೂರಿನವರೊಂದಿಗೆ ಪೂರ್ತಿ ಸಹಮತವಿಲ್ಲ: ಗೋಡೆ 1:100 ಆಗಬೇಕಾದರೆ ಅದರ ಕೆಳಗಿನ ಬಂಡೆಗಳೂ ಮೇಲೇರಿದಂತೆ ಕಿರಿದಾಗಬೇಕು, ಇಲ್ಲದಿದ್ದರೆ ಒಂಬತ್ತಡಿಯ ಬಂಡೆಯ ಪಕ್ಕದಲ್ಲಿ ಕೋಟೆಯೇ ಪುಟ್ಟ ಬೇಲಿಯಂತೆ ಕಂಡೀತು. ಹೀಗಾಗಿ ತಪ್ಪಲಿನಲ್ಲಿ ದೊಡ್ಡ ಗುಂಡುಗಳು, ನಡುವೆ ಅದರ ಅರ್ಧದಷ್ಟು, ತುದಿಯಲ್ಲಿ ಬಾಗಿದ ಬಿಡಿಗಳ ಸಪಾಟಾದ ಹಾಸುಗಲ್ಲು ಎಂದು ಯೋಚಿಸಿದ್ದೇನೆ.

ಬ್ರೇಕ್‌ವ್ಯಾನ್ ಸರ್, ಕೊನೆಯ ಡಬ್ಬಿಯನ್ನು ಈ ವಾರವೇ ಆರಂಭಿಸುತ್ತೇನೆ. ಅದರ ಹಿಂಬದಿಯಲ್ಲಿ ಏನೇನು ಇರಬೇಕು ಎಂದು ತಿಳಿಸಿ.

ಬ್ರೇಕ್‌ವ್ಯಾನ್, ಬಳ್ಳಾರಿ

ಎರಡೂ ತುದಿಗೆ ತೆರೆದ ಜಗುಲಿ, ಅದಕ್ಕೆ ಕಂಬಿಯ ತಡೆ, ಹತ್ತಲು ಮೆಟ್ಟಿಲು, ನಡುವೆ ಸಣ್ಣ ಕೋಣೆ. ಹಿಂದೆ ಹಗಲಿನಲ್ಲಿ ಎಲ್‌ವಿ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಡಬ್ಬಿ) ಎಂದು ಬರೆದ ಹಲಗೆ ಇರಬೇಕು, ರಾತ್ರಿಯಾದರೆ ಕೆಂಪು ದೀಪ. ದಾಟಿ ಹೋದ ಗಾಡಿ ಪೂರ್ತಿ ಬಂದಿದೆಯೇ, ನಡುವೆ ಕಳಚಿಕೊಂಡಿದೆಯೇ ಎಂದು ನಿಲ್ದಾಣದವರು ತಿಳಿಯುವುದು ಅದರಿಂದಲೇ. ನಿಮ್ಮದು ಹಗಲಿನ ದೃಶ್ಯವಾದ್ದರಿಂದ ಹಲಗೆ ಸಾಕು, ಒಂದು 2×2 ಟೈಲ್‌ನಲ್ಲಿ ಆಗುತ್ತದೆ. ಪ್ಲಾಟ್‌ಫಾರ್ಮಿನ ಮೇಲೆ ಹಸಿರು ಬಾವುಟ ಹಿಡಿದ ಒಬ್ಬ ಗೊಂಬೆಯನ್ನು ಎಂಜಿನ್ನಿನ ಕಡೆಗೆ ಮುಖ ಮಾಡಿ ನಿಲ್ಲಿಸಿ.